ನೂರು ವರ್ಷ ಹಳೆಯ ಸವರನ್‌ಗೂ ಚಿನ್ನದ ಬೆಲೆ ಮಾತ್ರವೇ? ಮಾರುವ ಮುನ್ನ ಈ ಲೆಕ್ಕ ತಿಳಿದಿರಲಿ

ಮುಂಬೈ: ಹಳೆಯ ನಾಣ್ಯ ಎಂದರೆ ಭಾರಿ ಬೆಲೆ ಸಿಗುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಆದರೆ ಅಜ್ಜಿಯ ಕಾಲದ ಬ್ರಿಟಿಷ್ ಸವರನ್ ಹಿಡಿದು ಜವೇರಿ ಬಜಾರ್‌ಗೆ ಹೋದವರಿಗೆ ಸಾಮಾನ್ಯವಾಗಿ ಸಿಗುವುದು ಅದರಲ್ಲಿರುವ ಚಿನ್ನದ ಬೆಲೆಯ ಆಸುಪಾಸು. ಇದಕ್ಕೆ ಕಾರಣವೇನು? ಇಲ್ಲಿದೆ ಮಾಹಿತಿ.

ಪ್ರೀಮಿಯಂ ಎಂದರೇನು?
ನಾಣ್ಯದಲ್ಲಿರುವ ಚಿನ್ನದ ಬೆಲೆಗಿಂತ ಹೆಚ್ಚುವರಿಯಾಗಿ ಕೊಡುವ ಹಣವೇ ಪ್ರೀಮಿಯಂ. ಸವರನ್ ತೂಕ 7.988 ಗ್ರಾಂ. 22 ಕ್ಯಾರೆಟ್ ಆದ್ದರಿಂದ ಅಪ್ಪಟ ಚಿನ್ನ 7.32 ಗ್ರಾಂ. ಉದಾಹರಣೆಗೆ, 24 ಕ್ಯಾರೆಟ್ ಚಿನ್ನ ಗ್ರಾಂಗೆ 10,000 ರೂ. ಎಂದಿಟ್ಟುಕೊಂಡರೆ ಅದರ ಚಿನ್ನದ ಬೆಲೆ 73,200 ರೂ. ನಾಣ್ಯ 75,000 ರೂ.ಗೆ ಮಾರಾಟವಾದರೆ ಪ್ರೀಮಿಯಂ 1,800 ರೂ., ಅಂದರೆ ಸುಮಾರು ಶೇ. 2.5. ಕರಾವಳಿಯ ಮನೆಗಳಲ್ಲಿ 8 ಗ್ರಾಂ ಚಿನ್ನಕ್ಕೆ 'ಪವನ್' ಎನ್ನುವುದೂ ಇದೇ ಪೌಂಡ್ ನಾಣ್ಯದಿಂದ ಬಂದದ್ದು.

ಬೆಲೆ ಏಕೆ ಕಡಿಮೆ?
* ಸಂಖ್ಯೆ ಹೆಚ್ಚು: ಸವರನ್, ಫ್ರಾನ್ಸ್‌ನ 20 ಫ್ರಾಂಕ್‌ನಂಥವು ಚಲಾವಣೆಗಾಗಿ ಕೋಟಿಗಟ್ಟಲೆ ಟಂಕಿಸಿದ ನಾಣ್ಯಗಳು. ಹಳೆಯವಾದರೂ ಅಪರೂಪವಲ್ಲ.
* ಮರುಟಂಕನ: 1907ರಿಂದ 1914ರವರೆಗಿನ ಇಸವಿ ಹೊತ್ತ ಹುಂಜದ ಚಿತ್ರದ ಅನೇಕ 20 ಫ್ರಾಂಕ್ ನಾಣ್ಯಗಳನ್ನು ಫ್ರಾನ್ಸ್ 1951-60ರ ನಡುವೆ ಮತ್ತೆ ಟಂಕಿಸಿತ್ತು.
* ಹೊಸ ಖರ್ಚಿಲ್ಲ: ಹೊಸ ನಾಣ್ಯದ ಬೆಲೆಯಲ್ಲಿ ತಯಾರಿಕೆ, ಪ್ಯಾಕಿಂಗ್, ಪ್ರಮಾಣಪತ್ರದ ವೆಚ್ಚ ಸೇರಿರುತ್ತದೆ. ಹಳೆಯದಕ್ಕೆ ಆ ಹೊರೆ ಇಲ್ಲ.
* ಸವಕಳಿ, ನಕಲಿ: ಕೈಯಿಂದ ಕೈಗೆ ಹೋಗಿ ಸವೆದವು, ಒಡವೆಗೆ ಬೆಸುಗೆ ಹಾಕಿದವು ಸಂಗ್ರಾಹಕರಿಗೆ ಬೇಡ. ನಕಲಿ ಭಯದಿಂದಲೂ ವ್ಯಾಪಾರಿಗಳು ಬೆಲೆ ತಗ್ಗಿಸುತ್ತಾರೆ.

ಬಾಂಬೆಯಲ್ಲೇ ಹುಟ್ಟಿದ ಸವರನ್
ಮೊದಲ ಮಹಾಯುದ್ಧದ ಸಮಯದಲ್ಲಿ, 1918ರಲ್ಲಿ, ಬಾಂಬೆ ಟಂಕಸಾಲೆಯಲ್ಲೇ ಸವರನ್ ತಯಾರಾಗಿತ್ತು. ಇಸವಿಯ ಮೇಲ್ಭಾಗದ ಗೆರೆಯ ನಡುವೆ ಇಂಗ್ಲಿಷ್‌ನ 'ಐ' ಅಕ್ಷರದ ಸಣ್ಣ ಗುರುತು ಇರುತ್ತದೆ. ಸುಮಾರು 13 ಲಕ್ಷ ನಾಣ್ಯ ಟಂಕಿಸಿದ್ದರಿಂದ ಇದೂ ತೀರಾ ಅಪರೂಪವೇನಲ್ಲ. ಇದಕ್ಕೆ ಹೋಲಿಸಿದರೆ 1917ರ ಲಂಡನ್ ಸವರನ್ ನಿಜಕ್ಕೂ ವಿರಳ. ಅದರ ನಕಲಿಗಳೂ ಅಷ್ಟೇ ಹೆಚ್ಚು.

ವಿದೇಶಕ್ಕೆ ಒಯ್ದು ಮಾರಬಹುದೇ?
ಐರೋಪ್ಯ ಒಕ್ಕೂಟದಲ್ಲಿ ಹೂಡಿಕೆ ಚಿನ್ನವೆಂದು ಪರಿಗಣಿಸುವ ಇಂಥ ನಾಣ್ಯಗಳಿಗೆ ವ್ಯಾಟ್ ವಿನಾಯಿತಿ ಇದೆ. ಆದರೆ ಇಲ್ಲಿಂದ ಒಯ್ಯುವ ಯೋಚನೆ ಬೇಡ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪ್ರಾಚ್ಯವಸ್ತು. ಖಾಸಗಿ ವ್ಯಕ್ತಿಗಳು ಅದನ್ನು ರಫ್ತು ಮಾಡುವಂತಿಲ್ಲ.

ಮಾರುವ ಮುನ್ನ
ನಾಣ್ಯವನ್ನು ಉಜ್ಜಿ ಹೊಳಪು ಕೊಡಬೇಡಿ. ತೂಕ ಮತ್ತು ಇಸವಿ ನೋಡಿಕೊಳ್ಳಿ. ಚಿನ್ನದಂಗಡಿಯ ಜತೆಗೆ ನಾಣ್ಯ ವ್ಯಾಪಾರಿಯಲ್ಲೂ ಬೆಲೆ ಕೇಳಿ. ಒಮ್ಮೆ ಕರಗಿಸಿದರೆ ಅಪರೂಪದ ನಾಣ್ಯವೂ ಬರೀ ಚಿನ್ನವಾಗುತ್ತದೆ ಎಂಬುದು ನೆನಪಿರಲಿ.