ಕಾಯಲು ಒಪ್ಪದ ಬೀಜ

ದೆಹಲಿಯ ಬಿಸಿಲು ತಾಳಲಾರದೆ ಮೇ ತಿಂಗಳಲ್ಲಿ ಶಿಮ್ಲಾ, ಮಸ್ಸೂರಿಯ ಕಡೆ ಹೋಗಿಬರುವ ನಮ್ಮವರು ಈ ಮರವನ್ನು ನೋಡಿರುತ್ತಾರೆ, ಹೆಸರು ಕೇಳಿರಲಿಕ್ಕಿಲ್ಲ. ಬೂರುಗದ ಎಲೆಯ ಹಾಗೆ ಬೆರಳು ಬಿಡಿಸಿದ ಅಂಗೈಯಂಥ ಎಲೆ. ಕೊಂಬೆಗಳ ತುದಿಯಲ್ಲಿ ನೆಟ್ಟಗೆ ನಿಂತ ಬಿಳಿ ಹೂಗೊಂಚಲು. ಹಿಮಾಚಲದವರು ಇದನ್ನು ಬನ್ಖೋರ್ ಎನ್ನುತ್ತಾರೆ, ಉತ್ತರಾಖಂಡದವರು ಪಾಂಗರ್ ಎನ್ನುತ್ತಾರೆ. ಸಸ್ಯಶಾಸ್ತ್ರದ ಹೆಸರು ಈಸ್ಕ್ಯುಲಸ್ ಇಂಡಿಕಾ. ಇದೇ ಕುಲದ ಮರಗಳಿಗೆ ಅಮೆರಿಕದಲ್ಲಿ ಬಕ್‌ಐ ಎಂದು ಹೆಸರು, ಯೂರೋಪಿನಲ್ಲಿ ಹಾರ್ಸ್ ಚೆಸ್ಟ್‌ನಟ್ ಎಂದು. ಕರ್ನಾಟಕದ ಚಳಿ ಇವಕ್ಕೆ ಸಾಲದು, ಹಾಗಾಗಿ ಕನ್ನಡದಲ್ಲಿ ಹೆಸರೂ ಇಲ್ಲ. ಆದರೆ ಒಬ್ಬ ನೆಂಟ ನಮ್ಮಲ್ಲಿದ್ದಾನೆ: ತಲೆಗೆ ಹಾಕುವ ಅಂಟುವಾಳ. ಎರಡೂ ಒಂದೇ ಕುಟುಂಬದವು, ಎರಡರ ಕಾಯಲ್ಲೂ ನೊರೆ ಬರಿಸುವ ಸಪೋನಿನ್ ಇದೆ.

ಬಕ್‌ಐ ಎಂದರೆ ಗಂಡು ಜಿಂಕೆಯ ಕಣ್ಣು. ಸಿಪ್ಪೆ ಒಡೆದು ಬೀಳುವ ಬೀಜ ಎಣ್ಣೆ ಸವರಿದಂಥ ಕಡುಕಂದು ಬಣ್ಣದ್ದು, ಅದರ ಮೇಲೊಂದು ಮಾಸಲು ಬಿಳಿಯ ಮಚ್ಚೆ. ಕೈಗೆ ಸಿಕ್ಕರೆ ಜೇಬಿಗೆ ಹಾಕಿಕೊಳ್ಳದೆ ಇರುವುದು ಕಷ್ಟ. ಆದರೆ ಜೇಬಿನಲ್ಲಿ ಒಣಗಿದ ಬೀಜ ಮತ್ತೆ ಮೊಳೆಯುವುದಿಲ್ಲ. ಭತ್ತ, ರಾಗಿಯ ಬೀಜಕ್ಕೆ ಒಣಗುವುದೇ ಆಯುಸ್ಸು, ಇದಕ್ಕೆ ಒಣಗುವುದೇ ಸಾವು. ಹಲಸು, ಮಾವು ಕೂಡ ಇದೇ ಜಾತಿ. ಹಲಸಿನ ಬೀಜವನ್ನು ಮಳೆಗಾಲದ ಸಾರಿಗೆಂದು ಕೂಡಿಡುವ ಮನೆಯವರೂ ಬಿತ್ತನೆಗೆಂದು ವರ್ಷಗಟ್ಟಲೆ ಕೂಡಿಡುವುದಿಲ್ಲ. ಈಸ್ಕ್ಯುಲಸ್ ಮರದ ನಾನೂರೈವತ್ತು ವರ್ಷಗಳ ಉದ್ಯಾನ ಚರಿತ್ರೆಯಲ್ಲಿ ಈ ಒಂದು ಗುಣ ಮತ್ತೆ ಮತ್ತೆ ಎದುರಾಗುತ್ತದೆ.

ಆ ಚರಿತ್ರೆ ಶುರುವಾಗುವುದು ಕಾನ್‌ಸ್ಟಾಂಟಿನೋಪಲ್‌ನಲ್ಲಿ. ಅಲ್ಲಿ ಆಸ್ಟ್ರಿಯಾದ ರಾಯಭಾರಿಯ ಜೊತೆಗಿದ್ದ ವೈದ್ಯ ಕ್ವಾಕೆಲ್‌ಬೀನ್ 1557ರಲ್ಲಿ ಇಟಲಿಯ ಸಸ್ಯವಿದ್ವಾಂಸ ಮತ್ತಿಯೋಲಿಗೆ ಬರೆದ ಕಾಗದದಲ್ಲಿ ಈ ಕಾಯಿಯ ಮಾತು ಬರುತ್ತದೆ. ತುರ್ಕರು ಉಬ್ಬಸದ ಕುದುರೆಗಳಿಗೆ ಇದನ್ನು ತಿನ್ನಿಸುತ್ತಿದ್ದರಂತೆ. ‘ಕುದುರೆ ಚೆಸ್ಟ್‌ನಟ್’ ಎಂಬ ಹೆಸರಿನ ಬೇರು ಅಲ್ಲಿದೆ. 1576ರಲ್ಲಿ ಕ್ಲೂಸಿಯಸ್ ಎಂಬ ಸಸ್ಯವಿದ್ವಾಂಸ ಕಾನ್‌ಸ್ಟಾಂಟಿನೋಪಲ್‌ನಿಂದ ಬಂದ ಬೀಜವನ್ನು ವಿಯೆನ್ನಾದಲ್ಲಿ ನೆಟ್ಟ. ಅಲ್ಲಿಂದ ಮುಂದೆ ಮರದಿಂದ ಮರಕ್ಕೆ, ತೋಟದಿಂದ ತೋಟಕ್ಕೆ ಹೋಯಿತು. 1699ರಲ್ಲಿ ಲಂಡನ್ನಿನ ಬುಷಿ ಪಾರ್ಕಿನಲ್ಲಿ ಕ್ರಿಸ್ಟೊಫರ್ ರೆನ್ ಯೋಜಿಸಿದ ಸಾಲುಮರದ ಹಾದಿ ಇಂದಿಗೂ ಇದೆ.

ಇಷ್ಟು ಹರಡಿದ ಮರದ ತವರು ಯಾವುದು ಎಂಬುದೇ ಮರೆತುಹೋಯಿತು. 1753ರಲ್ಲಿ ಇದಕ್ಕೆ ಈಸ್ಕ್ಯುಲಸ್ ಹಿಪ್ಪೊಕ್ಯಾಸ್ಟನಮ್ ಎಂದು ಹೆಸರಿಟ್ಟ ಲಿನೇಯಸ್, ಇದು ಉತ್ತರ ಏಷ್ಯಾದ್ದು ಎಂದು ಬರೆದ. ಪರ್ಷಿಯಾ, ಟಿಬೆಟ್, ಭಾರತ ಎಂದವರೂ ಇದ್ದರು. ಉತ್ತರ ಸಿಕ್ಕಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅಥೆನ್ಸಿನಲ್ಲಿದ್ದ ಹೆಲ್ಡ್‌ರೈಖ್ ಎಂಬ ಸಸ್ಯಶಾಸ್ತ್ರಜ್ಞ ಗ್ರೀಸಿನ ಬೆಟ್ಟಗಳಲ್ಲಿ ಕಾಡುಮರಗಳನ್ನು ಕಂಡು, 1879ರಲ್ಲಿ ಅದನ್ನು ಬರೆದು ಪ್ರಕಟಿಸಿದ. ಬಾಲ್ಕನ್ ಸೀಮೆಯ ಕಣಿವೆಗಳಲ್ಲಿ ಚದುರಿದ ಕೆಲವೇ ತೋಪುಗಳು, ಅಷ್ಟೇ ಇದರ ತವರು. ಅಷ್ಟು ಹೊತ್ತಿಗೆ ಯೂರೋಪಿನ ಬೀದಿಗಳಲ್ಲಿದ್ದ ಮರಗಳ ಮುಂದೆ ಕಾಡಿನಲ್ಲಿದ್ದವು ಲೆಕ್ಕಕ್ಕೇ ಇರಲಿಲ್ಲ.

ಅಮೆರಿಕದ್ದು ಬೇರೆ ಕತೆ. ಅಲ್ಲಿ ಬಕ್‌ಐ ಮೊದಲಿನಿಂದಲೂ ಕಾಡಿನ ಮರ. ಮೂಲನಿವಾಸಿಗಳು ಬೀಜವನ್ನು ಹುರಿದು, ಕುಟ್ಟಿ, ನೀರಿನಲ್ಲಿ ಮತ್ತೆ ಮತ್ತೆ ತೊಳೆದು ವಿಷ ಕಳೆದು ತಿನ್ನುತ್ತಿದ್ದರು. ತೊಳೆಯದ ಪುಡಿಯನ್ನು ಹೊಳೆಗೆ ಹಾಕಿ ಮೀನಿಗೆ ಮತ್ತು ಬರಿಸುತ್ತಿದ್ದರು. 1840ರ ಅಧ್ಯಕ್ಷ ಚುನಾವಣೆಯಲ್ಲಿ ಓಹಾಯೊದ ವಿಲಿಯಂ ಹೆನ್ರಿ ಹ್ಯಾರಿಸನ್‌ನ ಕಡೆಯವರು ಬಕ್‌ಐ ಮರದ ಗುಡಿಸಲು, ಊರುಗೋಲುಗಳನ್ನು ಮೆರವಣಿಗೆಯಲ್ಲಿ ಹೊತ್ತು ತಿರುಗಿ ಗೆದ್ದರು. 1953ರಲ್ಲಿ ಇದು ಓಹಾಯೊದ ರಾಜ್ಯಮರವೂ ಆಯಿತು. ನಮ್ಮ ಹಿಮಾಲಯದಲ್ಲೂ ಬನ್ಖೋರ್ ಹಿಟ್ಟು ಹೀಗೆಯೇ: ಹರಿಯುವ ನೀರಿನಲ್ಲಿ ಕಹಿ ಕಳೆದು, ಗೋಧಿಯ ಜೊತೆ ಬೆರೆಸಿ ರೊಟ್ಟಿ. ಬರಗಾಲದಲ್ಲಿ ಹೊಟ್ಟೆ ಹೊರೆದ ಹಿಟ್ಟು ಅದು.

ಕೂಡಿಡಲು ಹೋದರೆ ಏನಾಗುತ್ತದೆ ಎಂಬುದನ್ನು ಬ್ರಿಟನ್ 1917ರಲ್ಲಿ ಕಂಡಿತು. ಯುದ್ಧಕ್ಕೆ ಬೇಕಾದ ಕಾರ್ಡೈಟ್ ಎಂಬ ಸಿಡಿಮದ್ದಿಗೆ ಅಸಿಟೋನ್ ಬೇಕು. ಪಿಷ್ಟವನ್ನು ಹುಳಿಬರಿಸಿ ಅಸಿಟೋನ್ ತೆಗೆಯುವ ವಿಧಾನವನ್ನು ರಸಾಯನಶಾಸ್ತ್ರಜ್ಞ ಖೈಮ್ ವೈಜ್‌ಮನ್ ಕಂಡುಹಿಡಿದಿದ್ದ. ತಿನ್ನುವ ಜೋಳದ ಬದಲು ಈ ಕಾಯಿ ಬಳಸೋಣ ಎಂದು ಶಾಲೆಯ ಮಕ್ಕಳಿಂದ ರಾಶಿರಾಶಿ ಆರಿಸಿದರು. ಸಾಗಿಸಲು ವಾಹನವಿಲ್ಲದೆ ಎಷ್ಟೋ ರಾಶಿ ರೈಲು ನಿಲ್ದಾಣಗಳಲ್ಲೇ ಕೊಳೆತವು. ಕಿಂಗ್ಸ್ ಲಿನ್ ಕಾರ್ಖಾನೆ ತಲುಪಿದ್ದರಿಂದಲೂ ಹೇಳಿಕೊಳ್ಳುವಷ್ಟು ಅಸಿಟೋನ್ ಬರಲಿಲ್ಲ. 1918ರ ಬೇಸಿಗೆಯಲ್ಲಿ ಕೆಲಸ ನಿಂತಿತು.

ಹಾಗಾದರೆ ತೋಟಗಾರ ಮಾಡುವುದೇನು? ಬಿದ್ದ ಬೀಜವನ್ನು ಆ ವಾರವೇ ಬಿತ್ತುತ್ತಾನೆ. ಆಗದಿದ್ದರೆ ಒದ್ದೆ ಮರಳಿನಲ್ಲಿ ಹುದುಗಿಸಿ ತಣ್ಣಗಿಡುತ್ತಾನೆ. ಓಹಾಯೊ ಬಕ್‌ಐಯಂಥವು ಒಂದು ಚಳಿಗಾಲವನ್ನು ತೇವದಲ್ಲಿ ಕಳೆದ ಮೇಲೆಯೇ ಮೊಳೆಯುತ್ತವೆ. ಅಳಿಲು, ಇಲಿಗಳಿಂದ ಕಾಯಲು ಮೇಲೆ ತಂತಿಬಲೆ ಬೇಕು. ತಾಯಿಬೇರು ಬೇಗ ಆಳಕ್ಕಿಳಿಯುವುದರಿಂದ ಸಸಿಯನ್ನು ಎಳೆಯದಿರುವಾಗಲೇ ಅದರ ಜಾಗಕ್ಕೆ ಸೇರಿಸಬೇಕು. ನೆಲ ಆಳವಾಗಿರಬೇಕು, ತೇವ ಹಿಡಿಯಬೇಕು, ನೀರು ನಿಲ್ಲಬಾರದು. ಬುಡಕ್ಕೆ ತರಗೆಲೆಯ ಹೊದಿಕೆ ಇಲ್ಲದಿದ್ದರೆ ಬೇಸಿಗೆಯಲ್ಲಿ ಎಲೆಯಂಚು ಸುಟ್ಟಂತಾಗುತ್ತದೆ. ದನ, ಕುದುರೆ ಮೇಯುವ ಜಾಗ ಬೇಡ: ಅಮೆರಿಕದ ಬಕ್‌ಐಗಳ ಚಿಗುರೂ ಕಾಯಿಯೂ ಅವಕ್ಕೆ ವಿಷ. ಕ್ಯಾಲಿಫೋರ್ನಿಯಾ ಬಕ್‌ಐಯ ಮಕರಂದ ಜೇನುನೊಣಕ್ಕೂ ಆಗದು. ಜಾಗ ಕಡಿಮೆ ಇದ್ದವರು ಬಾಟಲ್‌ಬ್ರಷ್ ಬಕ್‌ಐ ಎಂಬ ಪೊದೆಯನ್ನು ನೆಡುತ್ತಾರೆ. ಅದು ನೆರಳಿನಲ್ಲೂ ಹೂ ಬಿಡುತ್ತದೆ.

ಇಷ್ಟು ಆರೈಕೆಗೂ ಬಗ್ಗದ ಕಷ್ಟ ಈಚೆಗೆ ಬಂದಿದೆ. 1980ರ ದಶಕದಲ್ಲಿ ಮ್ಯಾಸಿಡೋನಿಯಾದ ಓಹ್ರಿದ್ ಸರೋವರದ ಹತ್ತಿರ ಒಂದು ಪುಟ್ಟ ಪತಂಗ ಕಾಣಿಸಿತು. ಅದರ ಮರಿಗಳು ಎಲೆಯೊಳಗೆ ಸುರಂಗ ಕೊರೆಯುತ್ತವೆ, ಆಗಸ್ಟಿಗೇ ಮರ ಶರತ್ಕಾಲದಂತೆ ಕಂದಾಗುತ್ತದೆ. 1989ರಲ್ಲಿ ಆಸ್ಟ್ರಿಯಾ, 2002ರಲ್ಲಿ ಲಂಡನ್. ಈ ಹುಳು ಎಲ್ಲಿಯದು? 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಉತ್ತರ ಕೊಟ್ಟಿತು. ಹೆಲ್ಡ್‌ರೈಖ್ 1879ರಲ್ಲಿ ಗ್ರೀಸಿನಲ್ಲಿ ಒತ್ತಿ ಒಣಗಿಸಿಟ್ಟ ಎಲೆಗಳಲ್ಲೇ ಆ ಮರಿಗಳು ಸಿಕ್ಕವು. ಮರದ ತವರನ್ನು ತೋರಿಸಿಕೊಟ್ಟವನ ಎಲೆಗಳೇ ಹುಳುವಿನ ತವರನ್ನೂ ತೋರಿಸಿದವು. ಕಾಡಿನ ಚದುರಿದ ತೋಪುಗಳಲ್ಲಿ ಹತೋಟಿಯಲ್ಲಿದ್ದ ಹುಳುವಿಗೆ ನಗರಗಳ ಒಂದೇ ಜಾತಿಯ ಸಾಲುಮರ ಊಟದ ಪಂಕ್ತಿಯಾಯಿತು. ಮರ ಸಾಯುವುದು ಕಡಿಮೆ, ಆದರೆ ಬೀಜ ಸಣ್ಣದಾಗುತ್ತದೆ. ಬಿದ್ದ ಎಲೆಯನ್ನು ಗುಡಿಸಿ ಸುಡುವುದು ಅಥವಾ ಬಿಸಿಯೇರುವ ಗೊಬ್ಬರಗುಂಡಿಗೆ ಹಾಕುವುದು ಇಂದಿಗೂ ಒಳ್ಳೆಯ ಉಪಾಯ, ಏಕೆಂದರೆ ಹುಳು ಚಳಿಗಾಲ ಕಳೆಯುವುದು ಅಲ್ಲೇ. 1851ರಲ್ಲಿ ಕರ್ನಲ್ ಹೆನ್ರಿ ಬನ್ಬರಿ ಬ್ರಿಟನ್ನಿಗೆ ಒಯ್ದ ನಮ್ಮ ಬನ್ಖೋರ್ ಮಾತ್ರ ಈ ಹುಳುವಿಗೆ ಸುಲಭಕ್ಕೆ ಬಗ್ಗುವುದಿಲ್ಲ.

ಬೀದಿಗಳಲ್ಲಿ ಸಾಲುಸಾಲಾಗಿ ನಿಂತಿರುವ ಈ ಮರ ಇಂದು ಯೂರೋಪಿನ ಅಪಾಯದಂಚಿನ ಮರಗಳ ಪಟ್ಟಿಯಲ್ಲಿದೆ, ಕಾಡಿನ ತೋಪುಗಳು ಅಷ್ಟು ಕುಗ್ಗಿವೆ. ನಾರ್ವೆಯ ಸ್ವಾಲ್ಬಾರ್ಡಿನಲ್ಲಿ ಮೈನಸ್ 18 ಡಿಗ್ರಿಯ ಬೀಜದ ಕಣಜವಿದೆ, ಆದರೆ ಒಣಗಿಸಿ ಹೆಪ್ಪುಗಟ್ಟಿಸಲು ಬಾರದ ಬೀಜಕ್ಕೆ ಅಲ್ಲಿ ಜಾಗವಿಲ್ಲ. ಮಾವಿನ ತಳಿಗಳನ್ನು ಹೆಸರಘಟ್ಟದಲ್ಲಿ ಮರಗಳಾಗಿಯೇ ಉಳಿಸಿಕೊಂಡಿರುವುದೂ ಇದಕ್ಕೇ. ಆಮ್‌ಸ್ಟರ್‌ಡ್ಯಾಮಿನಲ್ಲಿ ಆನ್ ಫ್ರಾಂಕ್ ಅಡಗುತಾಣದ ಅಟ್ಟದಿಂದ ನೋಡುತ್ತಿದ್ದ ಮರವೂ ಹಾರ್ಸ್ ಚೆಸ್ಟ್‌ನಟ್. 2010ರ ಆಗಸ್ಟಿನಲ್ಲಿ ಅದು ಗಾಳಿಗೆ ಉರುಳಿತು. ಅಷ್ಟರೊಳಗೆ ಅದರ ಕಾಯಿಗಳನ್ನು ಬಿತ್ತಿ ಸಸಿ ಎಬ್ಬಿಸಿದ್ದರಿಂದ ಅದರ ಮಕ್ಕಳು ಬೇರೆ ಬೇರೆ ದೇಶಗಳಲ್ಲಿ ಬೆಳೆಯುತ್ತಿವೆ.

ಅಕ್ಟೋಬರಿನಲ್ಲಿ ಶಿಮ್ಲಾದ ಹಾದಿಯಲ್ಲಿ ಹೊಳೆಯುವ ಕಾಯೊಂದು ಸಿಕ್ಕರೆ ಪುಣೆಗೋ ಚೆನ್ನೈಗೋ ತರಬೇಡಿ. ಇಲ್ಲಿ ಅದು ಬರಿಯ ಗೋಲಿ. ಅಲ್ಲೇ ಇಳಿಜಾರಿನ ತೇವದ ಮಣ್ಣಿನಲ್ಲಿ ಎರಡು ಅಂಗುಲ ಆಳಕ್ಕೆ ಒತ್ತಿ, ಮೇಲೊಂದಿಷ್ಟು ತರಗೆಲೆ ಎಳೆದು ಬನ್ನಿ.