ಪ್ರಿಂಟ್ ಸ್ಕ್ರೀನ್: ಹೆಸರಲ್ಲಷ್ಟೇ ಉಳಿದ ಮುದ್ರಣ

ಕೀಲಿಮಣೆಯ ಬಲಗಡೆ, ಮೇಲಿನ ಸಾಲಿನಲ್ಲಿ ‘ಪ್ರಿಂಟ್ ಸ್ಕ್ರೀನ್’ ಎಂಬ ಕೀಲಿಯೊಂದಿದೆ. ಒತ್ತಿದರೆ ಯಾವ ಪ್ರಿಂಟರೂ ಅಲ್ಲಾಡುವುದಿಲ್ಲ. ಹಾಗಾದರೆ ಈ ಹೆಸರೇಕೆ ಎಂದು ಹುಡುಕುತ್ತ ಹೋದ ನನಗೆ ಸಿಕ್ಕಿದ್ದು ಅಕ್ಷರವು ಚಿತ್ರವಾದ ಕಥೆ.

1981ರಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಆ ಹೆಸರು ನಿಜವೇ ಆಗಿತ್ತು. 83 ಕೀಲಿಗಳ ಆ ಮಣೆಯಲ್ಲಿ ಅದಕ್ಕೆ ಸ್ವಂತ ಜಾಗವಿರಲಿಲ್ಲ. ನಕ್ಷತ್ರ ಚಿಹ್ನೆಯ ಮನೆಯಲ್ಲೇ ಬಾಡಿಗೆಗಿತ್ತು. ಶಿಫ್ಟ್ ಹಿಡಿದು ಒತ್ತಿದರೆ ಪರದೆಯ 25 ಸಾಲುಗಳು, ಸಾಲಿಗೆ 80 ಅಕ್ಷರದಂತೆ, ಒಂದೊಂದಾಗಿ ಪ್ರಿಂಟರಿಗೆ ಹೋಗುತ್ತಿದ್ದವು. ಹೋಗುತ್ತಿದ್ದುದು ಅಕ್ಷರಗಳ ಆಕಾರವಲ್ಲ, ಅವುಗಳ ಸಂಕೇತ. ಇಂಗ್ಲಿಷಿನ ದೊಡ್ಡ ‘ಎ’ 65 ಎಂಬ ಸಂಖ್ಯೆಯಾಗಿ ಹೊರಟು, ಕಾಗದದ ಮೇಲೆ ಪ್ರಿಂಟರಿನದೇ ಅಚ್ಚಿನಲ್ಲಿ ಮತ್ತೆ ‘ಎ’ ಆಗಿ ಮೂಡುತ್ತಿತ್ತು. ಪರದೆಯಲ್ಲಿ ಚಿತ್ರವಿದ್ದರೆ ಡಾಸ್‌ನ ‘ಗ್ರಾಫಿಕ್ಸ್’ ಆಜ್ಞೆಯನ್ನು ಮೊದಲೇ ಕೊಟ್ಟಿರಬೇಕಿತ್ತು.

ಟಿವಿಗೆ ಜೋಡಿಸಿ ವಿಡಿಯೋ ಗೇಮ್ ಆಡುತ್ತಿದ್ದವರಿಗೆ ಈ ಸೌಕರ್ಯವೂ ಇರಲಿಲ್ಲ. 1982ರ ‘ಪಿಟ್‌ಫಾಲ್’ ಆಟದಲ್ಲಿ 20,000 ಅಂಕ ಮುಟ್ಟಿದವರಿಗೆ ಆಕ್ಟಿವಿಷನ್ ಕಂಪನಿ ಬಟ್ಟೆಯ ಬಿಲ್ಲೆಯೊಂದನ್ನು ಕಳಿಸುತ್ತಿತ್ತು. ಸಾಕ್ಷಿ ಬೇಕಲ್ಲ? ಟಿವಿಯ ಫೋಟೋ ತೆಗೆದು ಅಂಚೆಗೆ ಹಾಕಬೇಕಿತ್ತು. ಇಂದು ವಾಟ್ಸಾಪಿನಲ್ಲಿ ‘ಸ್ಕ್ರೀನ್‌ಶಾಟ್ ಕಳಿಸಿ’ ಎನ್ನುವವರ ಪೂರ್ವಜರು ಇವರೇ ಇರಬೇಕು!

1984ರ ಮ್ಯಾಕಿಂಟಾಷ್ ದಾರಿ ಬದಲಿಸಿತು. ಕಮಾಂಡ್, ಶಿಫ್ಟ್, 3 ಒಟ್ಟಿಗೆ ಒತ್ತಿದರೆ ಪರದೆಯೇ ಚಿತ್ರದ ಫೈಲಾಗಿ ಡಿಸ್ಕಿನಲ್ಲಿ ಕೂರುತ್ತಿತ್ತು. ವಿಂಡೋಸ್‌ನಲ್ಲಿ ಚಿತ್ರ ಕ್ಲಿಪ್‌ಬೋರ್ಡಿಗೆ ಹೋಗುತ್ತಿತ್ತು. ಪೇಂಟ್ ತೆರೆದು ಅಂಟಿಸಿ ಉಳಿಸುವ ಮೊದಲು ಇನ್ನೇನನ್ನಾದರೂ ಕಾಪಿ ಮಾಡಿದರೆ ಹೋಯಿತು. ವಿಂಡೋಸ್ ಕೀಲಿಯೊಂದಿಗೆ ಒತ್ತಿದರೆ ನೇರವಾಗಿ ಫೈಲಾಗುವ ಅನುಕೂಲ ಬಂದದ್ದು 2012ರ ವಿಂಡೋಸ್ 8ರಲ್ಲಿ. ಎರಡೂ ಕಡೆ ‘ಎ’ ಈಗ 65 ಅಲ್ಲ, ಚುಕ್ಕೆಗಳ ಗುಂಪು.

ಇದರಿಂದ ನಷ್ಟವೇ ಆಯಿತೆನ್ನಲಾರೆ, ಕನ್ನಡದ ಮಟ್ಟಿಗಂತೂ. ಯೂನಿಕೋಡ್ ರೂಢಿಯಾಗುವ ಮುನ್ನ ನಮ್ಮ ಫಾಂಟುಗಳು ರೋಮನ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ವೇಷ ಹಾಕುತ್ತಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಂದಿನ ಕವಿತೆ, ವಿಮರ್ಶೆಗಳನ್ನು ತೆರೆದರೆ ವೇಷ ಕಳಚಿ, ತಲೆಬುಡವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ. ಆ ದಿನಗಳಲ್ಲೇ ಯಾರಾದರೂ ತೆಗೆದಿಟ್ಟ ಸ್ಕ್ರೀನ್‌ಶಾಟ್ ಇದ್ದರೆ ಅದರಲ್ಲಿ ಕನ್ನಡ ಕನ್ನಡವಾಗಿಯೇ ಉಳಿದಿದೆ. ಕಣ್ಣಿಗೆ ಮಾತ್ರ, ಅದರೊಳಗಿನ ಒಂದು ಪದವನ್ನು ಹುಡುಕಿ ಎಂದರೆ ಕಂಪ್ಯೂಟರಿಗೆ ಅಲ್ಲಿ ಪದವೇ ಇಲ್ಲ.

ಚಿತ್ರದಿಂದ ಅಕ್ಷರವನ್ನು ಎತ್ತಿಕೊಡುವ ಓಸಿಆರ್ ತಂತ್ರಾಂಶಗಳು ಈಗ ಕನ್ನಡಕ್ಕೂ ಇವೆ. ಒತ್ತಕ್ಷರ ಮಸುಕಾಗಿದ್ದರೆ ತಡವರಿಸುತ್ತವೆ. ಆದ್ದರಿಂದ ನಾನು ಪುಟಗಳನ್ನು ಜೆಪೆಗ್ ಆಗಿ ಉಳಿಸುವುದಿಲ್ಲ. ಗಾತ್ರ ಕುಗ್ಗಿಸುವ ಭರದಲ್ಲಿ ಅದು ಅಕ್ಷರದ ಅಂಚನ್ನು ಕಲಕುತ್ತದೆ. ಪಿಎನ್‌ಜಿ ಒಂದು ಚುಕ್ಕೆಯನ್ನೂ ಬಿಡುವುದಿಲ್ಲ. ಫೈಲಿಗೆ ಕಂಪ್ಯೂಟರ್ ತಾನೇ ಇಡುವ ಹೆಸರನ್ನು ಅಳಿಸಿ ಲೇಖಕರ ಹೆಸರು, ಶೀರ್ಷಿಕೆ, ತೆಗೆದ ದಿನ ಇಷ್ಟನ್ನು ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡುತ್ತೇನೆ.