ಔಡಲೆಣ್ಣೆಯಿಂದ ರೆಡ್ ಆಕ್ಸೈಡ್‌ವರೆಗೆ: ಉಗಾರ ಸೀಮೆಯಲ್ಲಿ ಕಬ್ಬಿಣ ಕಾಯ್ದ ಬಗೆ

ಉಗಾರ ಖುರ್ದ, ಕಾಗವಾಡ, ಅಥಣಿ, ರಾಯಬಾಗದ ಬಯಲಲ್ಲಿ ಕಬ್ಬಿಣಕ್ಕೆ ಜಂಗು ಹಿಡಿಯುವ ಕಾಲವೆಂದರೆ ಮಿರಗದ ಮಳೆಯಿಂದ ದಸರೆಯವರೆಗಿನ ನಾಲ್ಕು ತಿಂಗಳು. ಬೇಸಿಗೆಯಲ್ಲಿ ಇಲ್ಲಿನ ಗಾಳಿ ಎಷ್ಟು ಒಣಗಿರುತ್ತದೆಂದರೆ, ಅಂಗಳದಲ್ಲಿ ಬಿದ್ದ ಸಲಾಕೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಗಾಳಿಯ ತೇವ ಸುಮಾರು 60 ಪ್ರತಿಶತ ದಾಟಿದಾಗ ಲೋಹದ ಮೇಲೆ ಕಣ್ಣಿಗೆ ಕಾಣದ ನೀರಿನ ಪದರ ಕೂಡುತ್ತದೆ. ಧೂಳು, ಉಪ್ಪು, ಗಂಧಕದ ಹೊಗೆ ಜತೆಗೂಡಿದರೆ ಅಲ್ಲಿಂದ ಮುಂದೆ ತುಕ್ಕಿನ ವೇಗ ಏಕಾಏಕಿ ಏರುತ್ತದೆ. ಇಂಗ್ಲೆಂಡಿನ ರಸಾಯನ ವಿಜ್ಞಾನಿ ವರ್ನನ್ ಇದನ್ನು ಪ್ರಯೋಗಗಳಿಂದ ತೋರಿಸಿಕೊಟ್ಟದ್ದು 1930ರ ದಶಕದ ಹೊತ್ತಿಗೆ. ಈ ಸೀಮೆಯ ಒಕ್ಕಲುತನವಾದರೋ ಅದಕ್ಕಿಂತ ಬಹಳ ಹಿಂದೆಯೇ ಕಬ್ಬಿಣದ ಆರೈಕೆಯನ್ನು ಮಳೆಯ ಲೆಕ್ಕಕ್ಕೆ ಹೊಂದಿಸಿಕೊಂಡಿತ್ತು.

ಹಳೆಯ ಕಾಲದ ರೈತನ ಮನೆಯಲ್ಲಿ ಕಬ್ಬಿಣ ಕಡಿಮೆ. ನೇಗಿಲ ಗುಳ, ಕುಂಟೆಯ ಕುಡ, ಕುಡಗೋಲು, ಕೊಡಲಿ, ಚಕ್ಕಡಿಯ ಗಾಲಿಗೆ ಬಿಗಿದ ಹಳಿ, ಅಷ್ಟೇ. ಇವೆಲ್ಲವನ್ನೂ ನೋಡಿಕೊಳ್ಳುವವನು ಊರ ಕಮ್ಮಾರ. ಅವನಿಗೆ ಸಲ್ಲುತ್ತಿದ್ದದ್ದು ಸುಗ್ಗಿಯಲ್ಲಿ ಅಳೆದುಕೊಡುವ ಆಯದ ಕಾಳು. ಗುಳ ಸವೆದರೆ ಕುಲುಮೆಗೆ ಒಯ್ದು ಹಣಿಸುವುದು, ಜಂಗು ಏರಿದ್ದನ್ನು ಕಾಸಿ ಬಡಿದು ಉದುರಿಸುವುದು ಆ ಆಯದೊಳಗೇ ಸೇರಿತ್ತು. ತುಕ್ಕು ತಡೆಯಲು ರೈತ ಬೇರೆ ಹಣ ತೆಗೆದಿಡಬೇಕಾದ ಪ್ರಸಂಗವೇ ಇರಲಿಲ್ಲ. ದಿನವೂ ಮಣ್ಣಿಗೆ ಉಜ್ಜುವ ಗುಳ ಬೆಳ್ಳಿಯಂತೆ ಹೊಳೆಯುತ್ತದೆ. ಅದಕ್ಕೆ ಅಪಾಯ ಇರುವುದು ಬಿತ್ತನೆ ಮುಗಿದು ಮೂಲೆ ಸೇರಿದ ಮೇಲೆ. ಆಗ ಅದನ್ನು ಒರೆಸಿ, ಎಣ್ಣೆ ಸವರಿ, ಒಲೆಯ ಬಿಸಿ ತಾಗುವ ಅಟ್ಟಕ್ಕೋ ಜಂತಿಗೋ ಏರಿಸುತ್ತಿದ್ದರು.

ಎಣ್ಣೆಗೆ ಇಲ್ಲಿ ಬರವಿರಲಿಲ್ಲ. ಹೊಲದ ಬದುವಿನಲ್ಲಿ ಔಡಲ, ಬಿಳಿಜೋಳದ ಸಾಲುಗಳ ನಡುವೆ ಕುಸುಬಿ, ಅಲ್ಲಲ್ಲಿ ಅಗಸಿ ಬೆಳೆಯುತ್ತಿತ್ತು. ಮೂರೂ ಎಣ್ಣೆಗಳ ಗುಣ ಬೇರೆ ಬೇರೆ. ಔಡಲೆಣ್ಣೆ ದಪ್ಪ, ಒಣಗದೆ ಲೋಹಕ್ಕೆ ಅಂಟಿಕೊಂಡೇ ಇರುತ್ತದೆ. ಸುಟ್ಟ ಹುಲ್ಲಿನ ಕರಿಯನ್ನು ಅದಕ್ಕೆ ಕಲಸಿದರೆ ಚಕ್ಕಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆ. ಗಾಲಿ ಸಲೀಸಾಗಿ ತಿರುಗುವಂತೆ ಮಾಡುವುದರ ಜತೆಗೆ ಅಚ್ಚಿಗೆ ನೀರು ತಾಗದಂತೆ ಕಾಯುತ್ತಿದ್ದದ್ದೂ ಅದೇ. ಅಗಸಿ ಮತ್ತು ಕುಸುಬಿ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿ ಪೊರೆಯಾಗುತ್ತವೆ. ಬಣ್ಣ ಅಂಟಿ ನಿಲ್ಲುವುದಕ್ಕೆ ಬೇಕಾದ ಗುಣ ಇದೇ ಆದದ್ದರಿಂದ, ಮುಂದೆ ಬಂದ ಬಣ್ಣಗಳ ಕತೆಯೂ ಈ ಎಣ್ಣೆಗಳಿಂದಲೇ ಶುರುವಾಗುತ್ತದೆ.

ವರ್ಷಕ್ಕೊಮ್ಮೆ ಎಲ್ಲ ಕಬ್ಬಿಣವೂ ಕೈಗೆ ಬರುವ ದಿನ ಖಂಡೇನವಮಿ. ಮಳೆ ಹಿಂದೆ ಸರಿದು, ಹಿಂಗಾರಿ ಬಿತ್ತನೆ ಎದುರಿಗಿರುವಾಗ, ಕಬ್ಬಿನ ಹಂಗಾಮಿಗೆ ಇನ್ನೂ ಕೆಲವು ವಾರ ಇರುವಾಗ ಈ ಹಬ್ಬ ಬರುತ್ತದೆ. ಆಯುಧಗಳನ್ನು ಹೊರತೆಗೆದು ತಿಕ್ಕಿ, ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ ಪೂಜೆಗೆ ಇಡುತ್ತಾರೆ. ನಾಲ್ಕು ತಿಂಗಳ ತೇವದಲ್ಲಿ ಮೂಡಿದ ತೆಳು ಜಂಗು ಲೋಹವನ್ನು ಕೊರೆಯುವ ಮೊದಲೇ ಈ ಕೆಲಸದಿಂದ ಹೋಗಿಬಿಡುತ್ತದೆ. ಪೂಜೆಯ ಭಕ್ತಿಯೊಳಗೆ ಕಬ್ಬಿಣದ ವಾರ್ಷಿಕ ತಪಾಸಣೆಯೂ ಅಡಕವಾಗಿದೆ ಎಂದರೆ ಹಬ್ಬದ ಮಹತ್ವ ಕುಗ್ಗುವುದಿಲ್ಲ. ಇಂದು ಅದೇ ದಿನ ಟ್ರ್ಯಾಕ್ಟರು, ಪಿಕಪ್ ಗಾಡಿಗಳನ್ನೂ ತೊಳೆಯುತ್ತಾರೆ. ಆದರೆ ಹೆಚ್ಚಿನ ಕಡೆ ನೀರು ಹೊಡೆದು ಹೂವಿನ ಮಾಲೆ ಹಾಕಿದರೆ ಮುಗಿಯಿತು. ಒಣಗಿಸುವ, ಎಣ್ಣೆ ಸವರುವ ಹಂತ ಬಿಟ್ಟುಹೋಗಿರುವುದು ನಿಜವಾದ ನಷ್ಟ.

ಕಬ್ಬಿಣ ಹೇರಳವಾದದ್ದು ರೈಲಿನೊಂದಿಗೆ. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಆ ದಶಕದಲ್ಲೇ ಬೆಳಗಾವಿ–ಮಿರಜ ನಡುವೆ ಮೀಟರ್ ಗೇಜ್ ಹಳಿ ಹಾಸಿತು. ರಾಯಬಾಗ, ಕುಡಚಿ, ಉಗಾರ, ಶೇಡಬಾಳ ಈ ಮಾರ್ಗದ ಮೇಲಿವೆ. ಕುಡಚಿ–ಉಗಾರ ನಡುವೆ ಹಳಿ ಕೃಷ್ಣೆಯನ್ನು ದಾಟುತ್ತದೆ. ನದಿಯ ತೇವದಲ್ಲಿ ಹಗಲಿರುಳು ನಿಲ್ಲುವ ಉಕ್ಕನ್ನು ಒರೆಸಿ ಅಟ್ಟಕ್ಕೆ ಏರಿಸಲಾಗದು. ಆ ಕಾಲದ ರೈಲ್ವೆಗಳು ಇಂಥ ಕಬ್ಬಿಣಕ್ಕೆ ನೆಚ್ಚಿದ್ದು ಅಗಸಿ ಎಣ್ಣೆಯಲ್ಲಿ ಅರೆದ ಸೀಸದ ಸಿಂಧೂರವನ್ನು. ಎಣ್ಣೆಯ ಕೊಬ್ಬಿನಾಮ್ಲ ಸೀಸದೊಡನೆ ಬೆರೆತು ಒಂದು ಬಗೆಯ ಸಾಬೂನಾಗಿ, ಲೋಹ ಕರಗುವುದನ್ನೇ ತಡೆಯುತ್ತದೆ. ಪೂರ್ತಿ ಶುದ್ಧವಾಗದ ಮೈಗೂ ಅದು ಚೆನ್ನಾಗಿ ಹಿಡಿಯುತ್ತಿತ್ತು. ಆದರೆ ಸೀಸ ವಿಷ. ಬಣ್ಣ ಬಳಿಯುವವರ, ಕೆರೆಯುವವರ ಮೈ ಸೇರುವ ಈ ವಸ್ತುವನ್ನು ಜಗತ್ತು ನಿಧಾನವಾಗಿ ಕೈಬಿಟ್ಟಿತು.

ರೈಲಿನ ಹಿಂದೆಯೇ ಹೊಲಕ್ಕೂ ಎರಕದ ಕಬ್ಬಿಣ ಬಂತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದು, ಮುಂದೆ ಕಬ್ಬಿಣದ ನೇಗಿಲ ತಯಾರಿಕೆಗೆ ಇಳಿದರು. 1910ರಲ್ಲಿ ಮಿರಜದ ಆಚೆ ಔಂಧ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಕಬ್ಬಿಣ ತಾಗಿದರೆ ನೆಲ ವಿಷವಾಗುತ್ತದೆಂಬ ಅಂಜಿಕೆ ರೈತರಲ್ಲಿತ್ತು. ಅದು ಕರಗಿದ ಮೇಲೆ ನೇಗಿಲು, ಕಬ್ಬು ಅರೆಯುವ ಗಾಣ ಹಳ್ಳಿಹಳ್ಳಿಗೆ ಹೋದವು. ಎರಕದ ಬೀಡು ಮಳೆಯನ್ನು ಮೆದು ಕಬ್ಬಿಣಕ್ಕಿಂತ ಚೆನ್ನಾಗಿ ತಾಳುತ್ತದೆ. ಕಬ್ಬಿನ ಹಾಲಿನ ಹುಳಿಯ ಮುಂದೆ ಮಾತ್ರ ಅದೂ ಸೋಲುತ್ತದೆ.

ಈ ಹುಳಿ ಉಗಾರಕ್ಕೆ ಊರಿನ ಬದುಕೇ ಆಯಿತು. 1939ರಲ್ಲಿ ಶಿರಗಾಂವಕರ್ ಸಹೋದರರು ಇಲ್ಲಿ ಉಗಾರ ಶುಗರ್ ವರ್ಕ್ಸ್ ಸ್ಥಾಪಿಸಿದರು. ಹಸಿ ರಸದ ಆಮ್ಲೀಯತೆ ಗಿರಣಿಯ ರೋಲರುಗಳನ್ನು ತಿನ್ನುತ್ತದೆ. ಭಾರತದ ಬಹುತೇಕ ಕಾರ್ಖಾನೆಗಳಲ್ಲಿ ಸಕ್ಕರೆ ಬಿಳಿಯಾಗಲು ಬಳಸುವ ಗಂಧಕದ ಹೊಗೆ ತೇವದೊಡನೆ ಸೇರಿ ಉಕ್ಕಿನ ಚೌಕಟ್ಟನ್ನು ಕೊರೆಯುತ್ತದೆ. ಆದ್ದರಿಂದ ಸಕ್ಕರೆ ಉದ್ಯಮದಲ್ಲಿ ವರ್ಷಕ್ಕೆ ಎರಡು ಮುಖ. ಚಳಿಗಾಲದಲ್ಲಿ ಅರೆಯುವ ಹಂಗಾಮು, ಮಳೆಗಾಲದಲ್ಲಿ ಯಂತ್ರ ಬಿಚ್ಚಿ, ಕೆರೆದು, ಗ್ರೀಸು ಹಚ್ಚಿ, ಬಣ್ಣ ಬಳಿಯುವ ದುರಸ್ತಿ. ಗುಳಕ್ಕೆ ಎಣ್ಣೆ ಸವರುತ್ತಿದ್ದ ಕ್ರಮವೇ ಇಲ್ಲಿ ದೊಡ್ಡ ಪ್ರಮಾಣದಲ್ಲಿ ಮುಂದುವರಿದಂತಿದೆ.

ಕಬ್ಬು ಹೊರುವ ಕೆಲಸ ಚಕ್ಕಡಿಯಿಂದ ಟ್ರ್ಯಾಕ್ಟರಿನ ಟ್ರೇಲರಿಗೆ, ಲಾರಿಗೆ ಹೋಯಿತು. 1986ರಲ್ಲಿ ಟಾಟಾ 407, 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಸಂತೆಯ ಸರಕು, ಹಾಲಿನ ಕ್ಯಾನು, ಗೊಬ್ಬರದ ಚೀಲ ಸಣ್ಣ ಗಾಡಿಗಳನ್ನು ಏರಿದವು. ಮರದ ಬಾಡಿಯ ಜಾಗಕ್ಕೆ ತಗಡು ಬಂತು. ಒಂದು ಮಿಲಿಮೀಟರಿನ ಆಸುಪಾಸಿನ ತಗಡಿಗೆ ತುಕ್ಕಿನ ಎದುರು ಕಾಲಾವಕಾಶ ಕಡಿಮೆ. ಯೂರಿಯಾ ಉದುರಿದ ಮೂಲೆ, ಕಬ್ಬಿನ ರಸ ಸೋರಿದ ಸಂದು, ಎರೆಮಣ್ಣು ಕಟ್ಟಿಕೊಂಡ ಚಾಸಿ ಮೊದಲು ಕೆಡುತ್ತವೆ. ಎರೆಮಣ್ಣು ನೀರನ್ನು ಬಿಡದೆ ಹಿಡಿದಿಡುವುದರಿಂದ, ಹೊರಗೆ ಬಿಸಿಲಿದ್ದರೂ ಒಳಗೆ ಲೋಹ ಹಸಿಯಾಗಿಯೇ ಇರುತ್ತದೆ.

ಇದಕ್ಕೆ ಗ್ಯಾರೇಜುಗಳಲ್ಲಿ ರೂಢಿಯಾದ ಅಗ್ಗದ ಉಪಾಯ ಎರಡು. ಒಂದು, ಎಂಜಿನ್‌ನಿಂದ ಇಳಿಸಿದ ಸುಟ್ಟ ಆಯಿಲ್ ಅನ್ನು ಗಾಡಿಯ ಅಡಿಗೆ ಹೊಡೆಯುವುದು. ಇದು ನೀರನ್ನು ದೂರವಿಡುತ್ತದೆ, ನಿಜ. ಆದರೆ ಆ ಎಣ್ಣೆಯಲ್ಲಿ ಆಮ್ಲವೂ ಮಸಿಯೂ ಸೇರಿರುತ್ತವೆ. ರಬ್ಬರ್ ಬುಷ್ ಊದುತ್ತದೆ, ತೊಟ್ಟಿಕ್ಕಿದ್ದು ನೆಲವನ್ನೂ ನೀರನ್ನೂ ಕೆಡಿಸುತ್ತದೆ. ನದಿ ದಂಡೆಯ ಊರಿಗೆ ಈ ಪದ್ಧತಿ ತಕ್ಕದ್ದಲ್ಲ. ಇನ್ನೊಂದು ರೆಡ್ ಆಕ್ಸೈಡ್ ಪ್ರೈಮರ್. ಬಣ್ಣದಲ್ಲಿ ಇದು ಸಿಂಧೂರದ ಉತ್ತರಾಧಿಕಾರಿಯಂತೆ ಕಂಡರೂ ಸೀಸದ ಗುಣ ಇದಕ್ಕಿಲ್ಲ. ಇದರ ಪುಡಿ ಕಬ್ಬಿಣದ ಆಕ್ಸೈಡ್. ಅದು ಬರೀ ತಡೆಗೋಡೆ. ಪ್ರೈಮರಿನ ಪದರದಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಮೇಲೆ ಬಣ್ಣ ಬೀಳದಿದ್ದರೆ ಒಂದೇ ಮಳೆಗಾಲದಲ್ಲಿ ಕೆಳಗೆ ಜಂಗು ಮತ್ತೆ ಏಳುತ್ತದೆ. ಕೆಂಪು ಪ್ರೈಮರಿನಲ್ಲೇ ವರ್ಷಗಟ್ಟಲೆ ಓಡುವ ಟ್ರೇಲರುಗಳು ಬೇಗ ತೂತು ಬೀಳುವುದು ಇದಕ್ಕೇ.

ತುಕ್ಕನ್ನೇ ಬೇರೆ ವಸ್ತುವಾಗಿ ಮಾರ್ಪಡಿಸುವ ಮೂರನೆಯ ದಾರಿಯೂ ಇದೆ. 1906ರಲ್ಲಿ ಇಂಗ್ಲೆಂಡಿನ ಥಾಮಸ್ ಕಾಸ್ಲೆಟ್ ಫಾಸ್ಫಾರಿಕ್ ಆಮ್ಲದಿಂದ ಉಕ್ಕಿನ ಮೇಲೆ ಫಾಸ್ಫೇಟ್ ಪದರ ಕೂರಿಸುವ ಕ್ರಮಕ್ಕೆ ಪೇಟೆಂಟ್ ಪಡೆದ. ಈಗಿನ ತುಕ್ಕು ನಿವಾರಕ ದ್ರವಗಳಲ್ಲಿ ಈ ಆಮ್ಲವೋ, ಟ್ಯಾನಿನ್ನೋ, ಎರಡೂ ಸೇರಿಯೋ ಇರುತ್ತವೆ. ಟ್ಯಾನಿನ್ ತುಕ್ಕಿನೊಡನೆ ಕೂಡಿ ನೀಲಿಗಪ್ಪು ಪೊರೆಯಾಗುತ್ತದೆ. ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿಗೆ ತೊಗಲು ಹದಮಾಡುವ ಅಳಲೆಕಾಯಿ, ಜಾಲಿ ತೊಗಟೆಗಳ ಒಗರೂ ಇದೇ ಟ್ಯಾನಿನ್. ಡಬ್ಬಿಯಲ್ಲಿ ದುಬಾರಿ ಬೆಲೆಗೆ ಬರುವ ದ್ರವದ ರಸಾಯನ ಈ ಸೀಮೆಗೆ ಹೊಸತೇನಲ್ಲ.

2005 ಮತ್ತು 2019ರ ಕೃಷ್ಣೆಯ ಮಹಾಪೂರಗಳು ದಂಡೆಯ ಊರುಗಳನ್ನು ಮುಳುಗಿಸಿದವು. ಪ್ರವಾಹದಲ್ಲಿ ನಿಂತ ಗಾಡಿಯ ಚಾಸಿಯ ಪೆಟ್ಟಿಗೆಗಳೊಳಗೆ, ಬಾಗಿಲ ಅಡಿಯಲ್ಲಿ ಹೂಳು ಉಳಿಯುತ್ತದೆ. ಅದನ್ನು ಸಿಹಿನೀರಿನಿಂದ ತೊಳೆದು ತೆಗೆಯದೆ ಮೇಲೆ ಏನು ಬಳಿದರೂ ವ್ಯರ್ಥ. ಹಳೆಯ ಪಿಕಪ್ಪಿನ ಮೇಲುಜಂಗಿಗೆ ಇಂದು ಕಡಿಮೆ ಖರ್ಚಿನಲ್ಲಿ ಮಾಡುವ ಕೆಲಸದಲ್ಲೂ ಇದೇ ಕ್ರಮ. ಮೊದಲು ಮಣ್ಣು ತೊಳೆದು, ತಗಡು ಒಣಗಿದ ಮೇಲೆ ತಂತಿ ಬ್ರಷ್ಷು, ಪಾಲಿಶ್ ಪೇಪರಿನಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜುತ್ತಾರೆ. ಗುಳಿಗಳಲ್ಲಿ ಉಳಿದ ಜಂಗಿಗೆ ಫಾಸ್ಫಾರಿಕ್ ಆಮ್ಲದ ದ್ರವ ಹಚ್ಚಿ, ಡಬ್ಬಿಯ ಮೇಲೆ ಬರೆದಂತೆ ಬಿಟ್ಟು, ಒರೆಸಿ ಒಣಗಿಸುತ್ತಾರೆ. ಅಂದೇ ಪ್ರೈಮರ್, ಅದು ಒಣಗಿದ ಮೇಲೆ ಎರಡು ಕೈ ಎನಾಮೆಲ್. ಬ್ರಷ್ಷು ಮುಟ್ಟದ ಪೊಳ್ಳುಗಳಿಗೆ ಗ್ರೀಸು ಅಥವಾ ಮೇಣ ಬೆರೆತ ಎಣ್ಣೆ ಹೊಡೆಯುತ್ತಾರೆ. ಈ ಕೆಲಸಕ್ಕೆ ಬೇಸಿಗೆಯ ಒಣ ದಿನಗಳು ಮೇಲು. ಮಳೆ ಶುರುವಾಗುವ ಮುನ್ನ ಬಾಗಿಲ ಅಡಿಯ ನೀರಿಳಿಯುವ ತೂತುಗಳು ತೆರೆದಿವೆಯೇ ಎಂದು ಕಡ್ಡಿ ಆಡಿಸಿ ನೋಡುತ್ತಾರೆ. ಹೊಸ ಬಣ್ಣ ಅವನ್ನೇ ಮುಚ್ಚಿದ್ದರೆ ನೀರು ಒಳಗೇ ನಿಂತು ತಗಡು ಒಳಗಿನಿಂದ ಕೊಳೆಯುತ್ತದೆ.